ಯಾವುದು ಪತ್ರಿಕೆ, ಯಾವುದು ಕಂಪನಿ ಪುಸ್ತಕ?

ಹಾಸನದ ಒಂದು ಕಾಲೇಜಿನಲ್ಲಿ ಪತ್ರಿಕೋದ್ಯಮ ಪಾಠ ಮಾಡುತ್ತೇನೆ. ಒಂದು ವರ್ಷ ಒಬ್ಬ ಹುಡುಗ ಬಂದು, ಪ್ರಾಜೆಕ್ಟಿಗೆ ವಿಡಿಯೋ ಗೇಮ್ ಪತ್ರಿಕೋದ್ಯಮ ತಗೋತೀನಿ ಅಂದ. ಸರಿ ಅಂದೆ. ಯಾವ ಯಾವ ಪತ್ರಿಕೆ ಲೆಕ್ಕಕ್ಕೆ ತಗೋಬೇಕು ಅಂತ ಮೊದಲು ಪಟ್ಟಿ ಬೇಕಲ್ಲ, ಅಲ್ಲೇ ಇಬ್ಬರೂ ಮೂರು ವಾರ ಸಿಕ್ಕಿಹಾಕಿಕೊಂಡೆವು.

ಅವನ ಉಪಾಯ ಸುಲಭದ್ದು. "ಸರ್, ಮೆಟಾಕ್ರಿಟಿಕ್‌ನವರು ಯಾರ್ಯಾರ ವಿಮರ್ಶೆ ಸೇರಿಸ್ತಾರೋ ಅವರನ್ನೇ ತಗೊಂಡ್ರಾಯ್ತು." ಮೆಟಾಕ್ರಿಟಿಕ್ ಅಂದರೆ ಬೇರೆ ಬೇರೆ ಕಡೆಯ ವಿಮರ್ಶೆಗಳ ಅಂಕ ಸೇರಿಸಿ ಸರಾಸರಿ ಹೇಳುವ ಜಾಲತಾಣ. ಆದರೆ ಸರಾಸರಿ ತೆಗೆಯೋಕೆ ಅಂಕ ಬೇಕು. 2015ರಲ್ಲಿ ಯೂರೋಗೇಮರ್ ಅನ್ನೋ ಬ್ರಿಟನ್ನಿನ ಗೇಮ್ ಜಾಲತಾಣ ಅಂಕ ಕೊಡೋದನ್ನೇ ನಿಲ್ಲಿಸಿ ಆ ಲೆಕ್ಕದಿಂದ ಹೊರಗುಳಿಯಿತು. ಬರೆಯುವವರು ಅವರೇ, ಬರಹವೂ ಹಾಗೇ ಇತ್ತು. ಅಂಕ ಇಲ್ಲ ಅಂದ ಮಾತ್ರಕ್ಕೆ ಪತ್ರಿಕೋದ್ಯಮ ಅಲ್ಲ ಅನ್ನೋಕಾಗುತ್ತಾ? ಆ ಪಟ್ಟಿ ಬಿಟ್ಟೆವು.

ಆಮೇಲೆ ಬಂದದ್ದು ನಿಂಟೆಂಡೊ ಪವರ್ ಪತ್ರಿಕೆ. 1988ರಲ್ಲಿ ಅಮೆರಿಕದಲ್ಲಿ ಶುರುವಾಯಿತು, ಹೊರತಂದದ್ದು ಆಟ ತಯಾರಿಸುವ ನಿಂಟೆಂಡೊ ಕಂಪನಿಯೇ. ಹುಡುಗ ಹಳೇ ಸಂಚಿಕೆಯ ಪುಟಗಳನ್ನು ಮೊಬೈಲಿನಲ್ಲಿ ತೋರಿಸಿದ. ಆಟದ ನಕ್ಷೆಗಳು, ಗೆಲ್ಲುವ ಗುಟ್ಟುಗಳು, ನಿಜಕ್ಕೂ ಚೆಂದ ಇದ್ದವು. ನನಗೆ ನೆನಪಾದದ್ದು ನಮ್ಮ ಆಲೂಗಡ್ಡೆ ಹೊಲ. ಔಷಧಿ ಅಂಗಡಿಯಲ್ಲಿ ಬಿಟ್ಟಿ ಕೊಡುತ್ತಿದ್ದ ಕಂಪನಿ ಪುಸ್ತಕ ಜಗಲಿ ಮೇಲೆ ಸದಾ ಇರೋದು. ಅಂಗಮಾರಿ ಬಂದರೆ ಎಲೆ ಅಂಚು ಹೇಗೆ ಕಪ್ಪಾಗುತ್ತೆ, ಎಲೆ ಅಡಿಯಲ್ಲಿ ಬಿಳಿ ಬೂಷ್ಟು ಹೇಗೆ ಕಾಣುತ್ತೆ, ಎಲ್ಲ ಬಣ್ಣದ ಚಿತ್ರದಲ್ಲಿ. ಅಪ್ಪ ಅದನ್ನು ನೋಡಿಯೇ ರೋಗ ಗುರುತು ಹಿಡಿಯೋರು. ಆದರೆ ಆ ಕಂಪನಿಯ ಔಷಧಿ ಕೆಲಸ ಮಾಡದ ವರ್ಷ ಆ ಸುದ್ದಿ ಪುಸ್ತಕದಲ್ಲಿ ಬರಲಿಲ್ಲ. ಸಂತೆಯಲ್ಲಿ ಪಕ್ಕದೂರಿನವರು ಹೇಳಬೇಕಾಯಿತು.

ಹಾಗಾಗಿ ಒಂದೇ ಪ್ರಶ್ನೆ ಇಟ್ಟುಕೊಂಡೆ: ಧಣಿಗೆ ಹಿಡಿಸದ ಮಾತು ಇದರಲ್ಲಿ ಅಚ್ಚಾಗಿದೆಯಾ?

ಈ ಪ್ರಶ್ನೆ ಹಿಡಿದು ಮೊದಲು ಎಡವಿದ್ದು ನಾನೇ. ಗೇಮ್ ಇನ್ಫಾರ್ಮರ್ ಪತ್ರಿಕೆ 1991ರಿಂದ ಬರುತ್ತಿತ್ತು. ಅದರ ಒಡೆತನ ಆಟ ಮಾರುವ ಗೇಮ್‌ಸ್ಟಾಪ್ ಅಂಗಡಿಯವರದ್ದಾಗಿತ್ತು. ಓದದೆಯೇ ಕೆಂಪು ಗೀಟು ಎಳೆದುಬಿಟ್ಟೆ. ಹುಡುಗ ಮಾರನೇ ದಿನ ಕಡಿಮೆ ಅಂಕ ಕೊಟ್ಟ ವಿಮರ್ಶೆಗಳನ್ನು ಪ್ರಿಂಟ್ ತೆಗೆಸಿ ತಂದು ಮೇಜಿನ ಮೇಲಿಟ್ಟ. "ತಮ್ಮ ಅಂಗಡೀಲಿ ಮಾರೋ ಆಟನೇ ಚೆನ್ನಾಗಿಲ್ಲ ಅಂದಿದ್ದಾರಲ್ಲ ಸರ್?" ಸುಮ್ನೆ ಗೀಟು ಅಳಿಸಿದೆ. 2024ರಲ್ಲಿ ಅಂಗಡಿಯವರು ಅದನ್ನು ಮುಚ್ಚಿದರು, 2025ರಲ್ಲಿ ಆಟ ತಯಾರಿಸುವ ಕಂಪನಿಯೊಂದು ಮತ್ತೆ ಎಬ್ಬಿಸಿತು. ಅಂದರೆ ಮತ್ತೆ ಪ್ರಿಂಟ್ ತೆಗೆಸಬೇಕು.

ಗೇಮ್‌ಸ್ಪಾಟ್ ಅನ್ನೋ ಗೇಮ್ ವಿಮರ್ಶೆಯ ಜಾಲತಾಣ ಇನ್ನೂ ಕಷ್ಟ ಕೊಟ್ಟಿತು. 2007ರಲ್ಲಿ ಜೆಫ್ ಗರ್ಸ್ಟ್‌ಮನ್ ಅನ್ನೋ ವಿಮರ್ಶಕರು ಅಲ್ಲಿ ಕೇನ್ ಅಂಡ್ ಲಿಂಚ್ ಅನ್ನೋ ಆಟಕ್ಕೆ ಹತ್ತಕ್ಕೆ ಆರು ಕೊಟ್ಟರು. ಅದೇ ಆಟದ ಜಾಹೀರಾತು ಅಲ್ಲಿ ದೊಡ್ಡದಾಗಿ ಓಡುತ್ತಿತ್ತು. ಅವರ ಕೆಲಸ ಹೋಯಿತು. ಜಾಹೀರಾತುದಾರರ ಒತ್ತಡ ಇತ್ತು ಅಂತ ಅವರು ಬಾಯಿಬಿಟ್ಟು ಹೇಳಿದ್ದು 2012ರಲ್ಲಿ. ಈಗ ಹೇಳಿ, ಗೇಮ್‌ಸ್ಪಾಟ್ ಒಳಗೋ ಹೊರಗೋ? ಹಿಡಿಸದ ಮಾತು ಹೊರಬಂದಿದೆ, ಬರೆದವರಿಗೆ ಬಾಗಿಲೂ ತೋರಿಸಿದ್ದಾರೆ. ಕೊನೆಗೆ ಒಳಗೇ ಇಟ್ಟು, ಪಕ್ಕದಲ್ಲಿ ಆ ಇಸವಿ ಬರೆಸಿದೆ. ಆ ವಿಮರ್ಶೆಯನ್ನು ಹೊರಗಿಟ್ಟು ಗೇಮ್ ಪತ್ರಿಕೋದ್ಯಮದ ಪ್ರಾಜೆಕ್ಟ್ ಮಾಡೋಕೆ ನನಗಂತೂ ಮನಸ್ಸಿಲ್ಲ.

ಕನ್ನಡದ್ದು ಏನೂ ಬೇಡವಾ ಅಂತ ಕೇಳಿದ್ದಕ್ಕೆ ಹುಡುಗ ಒಂದು ಫೈಲ್ ತುಂಬ ಕಟಿಂಗ್ ತಂದ. 2020ರ ಪಬ್ಜಿ ನಿಷೇಧ, ಆನ್‌ಲೈನ್ ಜೂಜಿನ ವಿರುದ್ಧ 2021ರಲ್ಲಿ ರಾಜ್ಯ ತಂದ ಕಾನೂನು, 2022ರ ಫೆಬ್ರವರಿಯಲ್ಲಿ ಅದರ ಮುಖ್ಯ ಕಲಮುಗಳನ್ನು ಹೈಕೋರ್ಟ್ ರದ್ದು ಮಾಡಿದ್ದು. ವರದಿಗಳು ಚೆನ್ನಾಗಿಯೇ ಇದ್ದವು. ಆದರೆ ಆಟ ಆಡಿ ನೋಡಿ ಬರೆದ ಸಾಲು ಆ ಫೈಲಿನಲ್ಲಿ ಒಂದೂ ಸಿಗಲಿಲ್ಲ. ಪಟ್ಟಿಗೆ ಸೇರಿಸಲಿಲ್ಲ. ಹುಡುಗನಿಗೆ ಬೇಜಾರಾಯಿತು. ಫೈಲ್ ಮೇಲೆ 'ಕೋರ್ಟು, ಪೊಲೀಸು' ಅಂತ ಬರೆದು ನನ್ನ ಬೀರುವಿನಲ್ಲೇ ಬಿಟ್ಟು ಹೋದ.