ಮ್ಯಾಕ್ಸಿಮಾದಲ್ಲಿ ಸಮೀಕರಣ ಬಿಡಿಸುವುದು ಹೇಗೆ?

ಗಣಿತದ ಪ್ರಯೋಗ ತರಗತಿಯಲ್ಲಿ ರೆಕಾರ್ಡ್ ಪುಸ್ತಕ ತಿದ್ದುವಾಗ ಪ್ರತಿ ವರ್ಷವೂ ಈ ಸಾಲು ಎದುರಾಗುತ್ತದೆ: ‘ಉತ್ತರ: ಎಕ್ಸ್ = ಕಾಸ್(ಎಕ್ಸ್)’. ಕೊಟ್ಟ ಪ್ರಶ್ನೆಯೂ ಅದೇ ಆಗಿತ್ತು. ಲೆಕ್ಕ ಬಿಡಿಸುವ ತಂತ್ರಾಂಶವಾದ ಮ್ಯಾಕ್ಸಿಮಾದ ಪರದೆಯ ಮೇಲೆ ಮೂಡಿದ್ದನ್ನು ಹುಡುಗರು ಹಾಗೆಯೇ ಇಳಿಸಿಕೊಂಡಿರುತ್ತಾರೆ.

ಮೊದಲು ಡಬ್ಲ್ಯೂಎಕ್ಸ್‌ಮ್ಯಾಕ್ಸಿಮಾ ಇಳಿಸಿಕೊಳ್ಳಿ. ಇದು ಮ್ಯಾಕ್ಸಿಮಾವನ್ನು ಕಿಟಕಿ, ಮೆನುಗಳೊಂದಿಗೆ ಬಳಸಲು ಇರುವ ತಂತ್ರಾಂಶ, ಉಚಿತ. ಮ್ಯಾಕ್ಸಿಮಾದ ಪೂರ್ವಜ ‘ಮ್ಯಾಕ್‌ಸಿಮಾ’ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ 1968ರಲ್ಲಿ ಶುರುವಾಯಿತು. ಅದರ ಒಂದು ಪ್ರತಿಯನ್ನು ಗಣಿತ ಪ್ರಾಧ್ಯಾಪಕ ವಿಲಿಯಂ ಶೆಲ್ಟರ್ 1982ರಿಂದ ಜೋಪಾನ ಮಾಡಿ, 1998ರಲ್ಲಿ ಎಲ್ಲರಿಗೂ ಮುಕ್ತವಾಗಿಸಲು ಅನುಮತಿ ಪಡೆದರು. ಹೀಗಿರುವಾಗ ದುಬಾರಿ ತಂತ್ರಾಂಶದ ಕಳ್ಳಪ್ರತಿಗೆ ಕೈ ಹಾಕಲೇಬೇಡಿ. ಫೋಟೋ ತೆಗೆದರೆ ಉತ್ತರ ಕೊಡುವ ಮೊಬೈಲ್ ಆ್ಯಪ್‌ಗಳೂ ಬೇಡ. ಕೈಬರಹದ ಘಾತವನ್ನು ಅವು ತಪ್ಪಾಗಿ ಓದಿದರೆ ಬೇರೆಯದೇ ಲೆಕ್ಕ ಬಿಡಿಸಿ ಕೊಡುತ್ತವೆ.

ಬೆರಳಚ್ಚು ಮಾಡುವಾಗ ಗುಣಾಕಾರಕ್ಕೆ ನಕ್ಷತ್ರ ಚಿಹ್ನೆ ಕಡ್ಡಾಯ: 5ಎಕ್ಸ್ ಅಲ್ಲ, 5*ಎಕ್ಸ್. ಘಾತಕ್ಕೆ ^ ಬಳಸಿ. ಬೆಲೆ ಕೊಡಲು ಕೋಲನ್, ಸಮೀಕರಣಕ್ಕೆ ಸಮ ಚಿಹ್ನೆ. ಹಿಂದಿನ ಲೆಕ್ಕದಲ್ಲಿ ‘ಎಕ್ಸ್ : 3’ ಎಂದು ಕೊಟ್ಟಿದ್ದರೆ ಆ 3 ಹಾಗೆಯೇ ಕೂತಿರುತ್ತದೆ, ಮುಂದಿನ ಲೆಕ್ಕ ಕೆಡುತ್ತದೆ. ಹೊಸ ಲೆಕ್ಕಕ್ಕೆ ಮುನ್ನ ‘ಕಿಲ್’ ಆದೇಶದಿಂದ ಅದನ್ನು ಅಳಿಸಿ.

ಇನ್ನು ‘ಸಾಲ್ವ್’ ಆದೇಶ. ಆವರಣದೊಳಗೆ ಸಮೀಕರಣ, ಅಲ್ಪವಿರಾಮ, ಚರಾಕ್ಷರ. ಬಳಿಕ ಶಿಫ್ಟ್ ಹಿಡಿದು ಎಂಟರ್. ಎಕ್ಸ್^2 − 5*ಎಕ್ಸ್ + 6 = 0 ಕೊಟ್ಟರೆ 3 ಮತ್ತು 2 ಬರುತ್ತವೆ.

ಎಡವುವುದು ಇದರ ನಂತರ. ಉತ್ತರದಲ್ಲಿ ಸಮ ಚಿಹ್ನೆಯ ಬಲಗಡೆಯೂ ಎಕ್ಸ್ ಉಳಿದಿದೆಯೇ ನೋಡಿ. ಉಳಿದಿದ್ದರೆ ಸಮೀಕರಣ ಬಿಡಿಸಲು ಆಗಲಿಲ್ಲ ಎಂದೇ ಅರ್ಥ. ಆಗ ‘ಫೈಂಡ್_ರೂಟ್’ ಆದೇಶಕ್ಕೆ ಹೋಗಬೇಕು. ಇದಕ್ಕೆ ಮೂಲ, ಅಂದರೆ ಸಮೀಕರಣದ ಉತ್ತರ, ಯಾವ ಎರಡು ಸಂಖ್ಯೆಗಳ ನಡುವೆ ಇದೆ ಎಂದು ನೀವೇ ಹೇಳಬೇಕು. ಮೊದಲಿನ ಸಮೀಕರಣವನ್ನು ಒಂದೇ ಕಡೆಗೆ ತಂದರೆ ಸಿಗುವ ಕಾಸ್(ಎಕ್ಸ್) − ಎಕ್ಸ್ ಎಂಬುದರ ಬೆಲೆ 0ಯಲ್ಲಿ 1, 1ರಲ್ಲಿ ಸುಮಾರು −0.46. ಒಂದು ಕಡೆ ಧನ, ಇನ್ನೊಂದು ಕಡೆ ಋಣ. ವಕ್ರರೇಖೆ ನಡುವೆ ಎಲ್ಲೋ ಸೊನ್ನೆಯನ್ನು ದಾಟಲೇಬೇಕು. 0 ಮತ್ತು 1 ಕೊಡಿ, 0.739085 ಸಿಗುತ್ತದೆ. ಎರಡೂ ತುದಿಯಲ್ಲಿ ಒಂದೇ ಚಿಹ್ನೆ ಇದ್ದರೆ ತಂತ್ರಾಂಶ ದೋಷ ತೋರಿಸುತ್ತದೆ. ಅಂದಾಜಿನಲ್ಲಿ ಸಂಖ್ಯೆ ಬದಲಿಸುತ್ತಾ ಕೂರುವುದಕ್ಕಿಂತ ಮೊದಲೇ ನಕ್ಷೆ ಎಳೆದು ನೋಡುವುದು ಮೇಲು.

ಸೈನ್(ಎಕ್ಸ್) = 1/2 ಕೊಟ್ಟಾಗ ಬರುವುದು ಪೈ/6 ಒಂದೇ. ‘ಕೆಲವು ಪರಿಹಾರಗಳು ಕಳೆದುಹೋಗುತ್ತವೆ’ ಎಂಬ ಎಚ್ಚರಿಕೆ ಅದರ ಮೇಲೆಯೇ ಇರುತ್ತದೆ, ಯಾರೂ ಓದುವುದಿಲ್ಲ. 5ಪೈ/6 ಅನ್ನು ನೀವೇ ಸೇರಿಸಬೇಕು; ಎರಡಕ್ಕೂ 2ಪೈಯ ಗುಣಕಗಳನ್ನು ಕೂಡಿಸಿದರೆ ಉಳಿದವೆಲ್ಲ ಸಿಗುತ್ತವೆ.

ಬಂದ ಬೆಲೆಯನ್ನು ಮೂಲ ಸಮೀಕರಣದಲ್ಲಿ ಹಾಕಿ ತಾಳೆ ನೋಡದೆ ರೆಕಾರ್ಡ್‌ನಲ್ಲಿ ಬರೆಯಬೇಡಿ. ಕ್ಯಾಲ್ಕುಲೇಟರ್‌ನಲ್ಲಿ ತಾಳೆ ನೋಡುವವರು ಅದನ್ನು ರೇಡಿಯನ್‌ಗೆ ಬದಲಿಸಿಕೊಳ್ಳಿ. ಡಿಗ್ರಿಯಲ್ಲೇ ಬಿಟ್ಟರೆ 0.739085ರ ಕಾಸ್ 0.9999 ಎಂದು ತೋರಿಸುತ್ತದೆ, ನೀವು ಸರಿಯಾದ ಉತ್ತರವನ್ನೇ ಹೊಡೆದು ಹಾಕುತ್ತೀರಿ.