ಸುಳ್ಳು ಹೇಳುವ ಬೆಸ್ಟಿಯರಿ: ನನ್ನ ಅನುಭವ

"ಬೆಸ್ಟಿಯರಿ ಯಾರು ಓದ್ತಾರೆ ಗುರು? ಎಚ್‌ಪಿ (ಜೀವಬಲ) ಎಷ್ಟು, ಬೆಂಕಿಗೆ ವೀಕಾ ಅಂತ ಒಂದು ಟೇಬಲ್ ಹಾಕು, ಮುಗೀತು." ಬೆಸ್ಟಿಯರಿ ಅಂದರೆ ಗೇಮ್‌ನೊಳಗೆ ರಾಕ್ಷಸರ ವಿವರ ಇರುವ ಪುಸ್ತಕ. ನನ್ನ ಗೇಮ್‌ಗೆ ಅದನ್ನು ಬರೆಯುವಾಗ ಒಬ್ಬ ಗೆಳೆಯನಿಂದ ಎರಡು ವರ್ಷ ಇದನ್ನೇ ಕೇಳಿಸಿಕೊಂಡೆ. ಈಗ ಅದೇ ಗೆಳೆಯ ರಾತ್ರಿ ಒಂದು ಗಂಟೆಗೆ ಮೆಸೇಜ್ ಮಾಡಿ ಬಕಾಸುರನ ಮೂರನೇ ಪುಟ ಹೇಗೆ ತೆಗೆಯೋದು ಅಂತ ಕೇಳುತ್ತಾನೆ.

ನಮ್ಮದು ಶಿಡ್ಲಘಟ್ಟ. ಆರ್‌ಪಿಜಿ ಮೇಕರ್ ಎಂವಿ ಅನ್ನೋ ಗೇಮ್ ಮಾಡುವ ಸಾಫ್ಟ್‌ವೇರ್‌ನಲ್ಲಿ ಶುರು ಮಾಡಿದಾಗ 60 ರಾಕ್ಷಸರ ಪ್ಲಾನ್ ಇತ್ತು. 1996ರ ಮೊದಲ ಪೋಕೆಮಾನ್‌ನಲ್ಲೇ 151 ಇದ್ದವು, ನನಗೆ 60 ಆಗಲ್ವಾ ಅಂತ ಜಂಬ. ಚಿತ್ರ ಬರೆಯುವ ಹುಡುಗನಿಗೆ ಒಂದಕ್ಕೆ 700 ರೂಪಾಯಿ. 20 ಆಗುವಷ್ಟರಲ್ಲಿ 14 ಸಾವಿರ ಹೋಯಿತು. ಮನೆಯಲ್ಲಿ ಬೈಗುಳ ಬೇರೆ. ಅದರಲ್ಲಿ ಒಂಬತ್ತೋ ಹತ್ತೋ ಬರೀ ಡ್ರ್ಯಾಗನ್, ಗಾಬ್ಲಿನ್, ಸ್ಲೈಮು. ಹಿಪ್ಪುನೇರಳೆ ತೋಟದಲ್ಲಿ ಗಾಬ್ಲಿನ್‌ಗೆ ಏನು ಕೆಲಸ? ಎಲ್ಲಾ ತೆಗೆದು ಬಿಸಾಕಿದೆ.

ಆಮೇಲೆ ಅಕ್ಷರದ ಕಾಟ. ಎಂವಿ ವಿವರಣೆಯನ್ನು ಒಂದೊಂದೇ ಕ್ಯಾರೆಕ್ಟರ್ ಆಗಿ ಬಿಡಿಸುತ್ತದೆ ಅಲ್ವಾ, "ಚೇಳಮ್ಮ" ಅಂತ ಟೈಪ್ ಮಾಡಿದರೆ ಏತ್ವ ಒಂದು ಕಡೆ ಚುಕ್ಕೆಬಳೆ ಹಾಕಿಕೊಂಡು ನಿಂತಿತ್ತು, ಒತ್ತು ಇನ್ನೊಂದು ಕಡೆ. ಪದವನ್ನು ಇಡಿಯಾಗಿ ಒಂದೇ ಸಲ ಡ್ರಾ ಮಾಡಿಸಿದ ಮೇಲೆ ಸರಿಹೋಯಿತು. ಸಾಲು ಎಲ್ಲಿ ಮುರಿಯಬೇಕು ಅನ್ನೋದಕ್ಕೆ ಏನು ಮಾಡಿದೆ ಅಂತ ಮಾತ್ರ ಹೇಳಲ್ಲ. ಮೂರು ವಾರದ ನಿದ್ದೆ ಅದಕ್ಕೆ ಹೋಗಿದೆ. ಗೋಡಾಟ್ 4 ಅನ್ನೋ ಇನ್ನೊಂದು ಸಾಫ್ಟ್‌ವೇರ್ ಇದನ್ನೆಲ್ಲ ತಾನೇ ನೋಡಿಕೊಳ್ಳುತ್ತದೆ, ಆದರೆ ಅಷ್ಟೊತ್ತಿಗೆ ನನ್ನ ಮ್ಯಾಪ್‌ಗಳೆಲ್ಲ ಮುಗಿದಿದ್ದವು.

ಈಗ ಪುಟದ ವಿಷಯ. ವಿಚರ್ 3 ಅನ್ನೋ ಗೇಮ್‌ನಲ್ಲಿ ರಾಕ್ಷಸನನ್ನು ಕೊಂದರೆ ಅಥವಾ ಪುಸ್ತಕ ಓದಿದರೆ ಪುಟ ತುಂಬುತ್ತದೆ. ತುಂಬಿದ್ದನ್ನು ನಂಬಿ ಹೋಗಬಹುದು. ನನ್ನದರಲ್ಲಿ ಮೊದಲ ಪುಟ ಬರೀ ಊರ ಮಾತು, ಅರ್ಧ ಸುಳ್ಳು. ಕೊಳ್ಳಿದೆವ್ವ ಕಂಡರೆ ಚಪ್ಪಲಿ ತಲೆಯ ಕೆಳಗಿಟ್ಟು ಮಲಗು ಅನ್ನುತ್ತದೆ. ಮಲಗಿದರೆ ಸತ್ತಿರಿ. ಎರಡನೇ ಪುಟ ರಾತ್ರಿ ಕರೆಂಟ್ ಬಂದಾಗ ನೀರು ಹಾಯಿಸಲು ಹೋದ ರೈತನದು: "ನಾನು ನಿಂತ್ರೆ ಅದೂ ನಿಲ್ತದೆ." ಮೂರನೆಯದು ಆಡುವವನು ತಾನೇ ಕಂಡದ್ದು. ಟಾರ್ಚ್ ಆರಿಸಿದವನಿಗೆ ಮಾತ್ರ ಆ ಪುಟ ಸಿಗುತ್ತದೆ.

ಮೊದಲ ಸಲ ಆರು ಜನಕ್ಕೆ ಆಡಿಸಿದೆ. ಐದು ಜನ ಮೋಸ ಅಂತ ಎದ್ದು ಹೋದರು. ತಪ್ಪು ಎಲ್ಲಿ ಅಂತ ತಿಂಗಳುಗಟ್ಟಲೆ ತಿಳಿಯಲಿಲ್ಲ. ಕೊನೆಗೆ ಪುಟದ ತಲೆಗೆ "ಅಜ್ಜಿ ಹೇಳಿದ್ದು" ಅಂತ ಎರಡೇ ಪದ ಸೇರಿಸಿದೆ. ಅದೇ ಸುಳ್ಳು, ಅದೇ ಸಾವು. ಆದರೆ ಈ ಸಲ ನಕ್ಕರು, ಮತ್ತೆ ಆಡಿದರು! ಪ್ರತಿ ಪುಟದಲ್ಲೂ ಒಂದು ನಿಜ ಇರಲೇಬೇಕು. ಅದನ್ನು ಎಲ್ಲಿ ಅಡಗಿಸುತ್ತೇನೆ ಅನ್ನೋದು ನನ್ನ ಹತ್ತಿರವೇ ಇರಲಿ.

ಬಕಾಸುರನಿಗೆ ದೂರ ಹೋಗಬೇಕಾಗಿರಲಿಲ್ಲ, ಅವನಿದ್ದ ಊರು ಅಂತ ಜನ ಹೇಳುವ ಕೈವಾರ ಪಕ್ಕದಲ್ಲೇ ಇದೆ. ಒಂದು ಗಾಡಿ ಅನ್ನ, ಎರಡು ಕೋಣ, ತಂದುಕೊಡುವ ಮನುಷ್ಯ, ಇದು ಅವನ ಊಟ. ಭೀಮ ಹೊಡೆದಾಟಕ್ಕೆ ಮುಂಚೆ ಆ ಅನ್ನವನ್ನೇ ತಿಂದ. ನನ್ನ ಗೇಮ್‌ನಲ್ಲೂ ಕತ್ತಿ ಎತ್ತಿದವನು ಸೋಲುತ್ತಾನೆ. ಗಾಡಿ ಹತ್ತಿ ತಿನ್ನಬೇಕು. ಒಂದೊಂದು ತುತ್ತಿಗೂ ಅವನ ಸಿಟ್ಟು ಏರುತ್ತದೆ, ಡಿಫೆನ್ಸ್ ಇಳಿಯುತ್ತದೆ.

ಚೇಳಿನ ಫೈಟ್ ಮಾತ್ರ ಕಿತ್ತು ಹಾಕಿದೆ. ಕೋಲಾರಮ್ಮನ ಗುಡಿಯಲ್ಲಿ ಚೇಳು ಕಚ್ಚದಿರಲಿ ಅಂತ ಜನ ಚೇಳಮ್ಮನಿಗೆ ಕೈಮುಗಿಯುತ್ತಾರೆ, ಅಲ್ಲಿ ನೆಲದೊಳಗೇ ಹುಂಡಿ ಇದೆ. ಅದನ್ನು ನೋಡಿ ಬಂದ ಮೇಲೆ ಚೇಳನ್ನು ಹೊಡೆಸಲು ಮನಸ್ಸಾಗಲಿಲ್ಲ. ಈಗ ಗುಂಡಿಗೆ ಕಾಸು ಹಾಕಿದರೆ ಅದೇ ದಾರಿ ಬಿಡುತ್ತದೆ.

ಸುಮ್ನೆ ಮಾಡಿದ್ದು ಇನ್ನೊಂದಿದೆ. ಚಿಕ್ಕಪ್ಪನ ರೇಷ್ಮೆ ಹುಳದ ಮನೆಯಲ್ಲಿ, ನಾಲ್ಕನೇ ಜ್ವರ ಎದ್ದ (ಅಂದರೆ ನಾಲ್ಕನೇ ಸಲ ಪೊರೆ ಬಿಟ್ಟ) ಹುಳ ಸೊಪ್ಪು ತಿನ್ನುವಾಗ ಮೊಬೈಲ್ ಇಟ್ಟು ರೆಕಾರ್ಡ್ ಮಾಡಿದೆ. ತಗಡಿನ ಮೇಲೆ ತುಂತುರು ಮಳೆ ಬಿದ್ದ ಹಾಗೆ ಕೇಳಿಸುತ್ತದೆ. ಸ್ಪೀಡ್ ಅರ್ಧಕ್ಕಿಳಿಸಿದೆ, ಗವಿಯ ರಾಕ್ಷಸನ ಸದ್ದು ರೆಡಿ. "ಏನೋ ಇದು, ನಮ್ಮ ಹುಳ ಅಲ್ವೇನೋ?" ಅಂತ ಚಿಕ್ಕಪ್ಪ ತಕ್ಷಣ ಹಿಡಿದರು. ಬೇರೆ ಯಾರಿಗೂ ಗೊತ್ತಾಗಿಲ್ಲ.

ಗೇಮ್ ಮಾರುವ ಸೈಟ್ ಸ್ಟೀಮ್‌ಗೆ 100 ಡಾಲರ್ ಕಟ್ಟಲು ಧೈರ್ಯ ಬರಲಿಲ್ಲ. ಇಚ್ ಅನ್ನೋ ಇನ್ನೊಂದು ಸೈಟ್‌ನಲ್ಲಿ ಇಷ್ಟ ಬಂದಷ್ಟು ಕೊಡಿ ಅಂತ ಹಾಕಿದೆ. 300 ಚಿಲ್ಲರೆ ಡೌನ್‌ಲೋಡ್, ಕೈಗೆ ಆರು ಸಾವಿರದ ಹತ್ತಿರ ಬಂತು. 14 ಸಾವಿರ ಇನ್ನೂ ಹುಟ್ಟಿಲ್ಲ. ಹೋದ ವಾರ ಮುಳಬಾಗಿಲಿನಿಂದ ಒಬ್ಬರು ತಮ್ಮ ಅಜ್ಜಿ ಹೇಳಿದ ಬ್ರಹ್ಮರಾಕ್ಷಸನ ಕತೆ ಕಳಿಸಿದ್ದಾರೆ. ಚಿತ್ರದ ಹುಡುಗ ಈಗ 900 ಕೇಳುತ್ತಿದ್ದಾನೆ.