ಮನೆಗೆಲಸಕ್ಕಿದ್ದ ಅವಿವಾಹಿತ ಹಿರಿಯರನ್ನು ಹುಡುಕುತ್ತಿದ್ದರೆ: ಮೊದಲು ಮಾಲೀಕರ ಮನೆ ನಂಬರ್ ಹಿಡಿಯಿರಿ

ನಿಮ್ಮ ಮನೆತನದಲ್ಲಿ ಮದುವೆಯಾಗದೆ, ಬೇರೆಯವರ ಮನೆಯಲ್ಲೇ ಇದ್ದು ದುಡಿದ ಸೋದರತ್ತೆಯೋ ಚಿಕ್ಕಮ್ಮನೋ ಇದ್ದರಾ? ಅವರ ಗುರುತು ಹುಡುಕಲು 2002ರ ಹಳೇ ಮತದಾರರ ಪಟ್ಟಿ ನೋಡುವಾಗ ಅವರ ಹೆಸರು ಹುಡುಕಬೇಡಿ, ಆ ಮನೆಯ ಯಜಮಾನರ ಹೆಸರು ಹುಡುಕಿ. ಅದು ಸಿಕ್ಕ ಮೇಲೆ ಅದೇ ಮನೆ ನಂಬರಿನ ಉಳಿದ ಸಾಲುಗಳನ್ನು ನಿಧಾನವಾಗಿ ಓದಿ. ಪಟ್ಟಿ ಮಾಡುವುದು ಮನೆ ನಂಬರಿನ ಪ್ರಕಾರ. ಸಂಬಂಧ ಇರಲಿ ಬಿಡಲಿ, ಅಲ್ಲಿ ವಾಸವಿದ್ದವರ ಹೆಸರು ಅಲ್ಲೇ ಬರುತ್ತದೆ. ಮದುವೆಯಾದವರ ಮುಂದೆ ಸಾಮಾನ್ಯವಾಗಿ ಗಂಡನ ಹೆಸರಿರುತ್ತದೆ. ಅರವತ್ತು ದಾಟಿದ ಹೆಣ್ಣುಮಗಳ ಮುಂದೆ ಇನ್ನೂ ತಂದೆಯ ಹೆಸರೇ ಇದ್ದು, ಅದು ಆ ಮನೆಯ ಯಾರಿಗೂ ಹೊಂದದಿದ್ದರೆ ಅಲ್ಲೇ ನಿಲ್ಲಿ. ಇಡೀ ಓಣಿ ‘ದೊಡ್ಡವ್ವ’ ಅಂತ ಕರೆದವರು ಪಟ್ಟಿಯಲ್ಲಿ ‘ಶರಣಮ್ಮ, ತಂದೆ ಬಸಣ್ಣ’ ಅಂತ ಇರಬಹುದು, ಅಲ್ವಾ? ಆ ತಂದೆಯ ಹೆಸರೇ ತವರೂರಿಗೆ ದಾರಿ. ಅವರ ನಿಜವಾದ ಹೆಸರು ಕೊನೆಗೂ ಕಣ್ಣಿಗೆ ಬೀಳುವುದೇ ದೊಡ್ಡದು.

ಹಳೇ ಪಟ್ಟಿ ರಾಜ್ಯದ ಮುಖ್ಯ ಚುನಾವಣಾಧಿಕಾರಿಯವರ ವೆಬ್‌ಸೈಟ್‌ನಲ್ಲಿದೆ. ಯಾದಗಿರಿಯವರು ನೆನಪಿಡಿ, ನಿಮ್ಮದು ಬೇರೆ ಜಿಲ್ಲೆಯಾದದ್ದು 2009ರ ಡಿಸೆಂಬರ್‌ನಲ್ಲಿ. 2002ರಲ್ಲಿ ಎಲ್ಲ ಗುಲ್ಬರ್ಗವೇ. 2008ರಲ್ಲಿ ವಿಧಾನಸಭಾ ಕ್ಷೇತ್ರಗಳೂ ಬದಲಾದವು, ಹಾಗಾಗಿ ಆಗಿನ ಕ್ಷೇತ್ರದ ಹೆಸರಲ್ಲೇ ಹುಡುಕಿ. ಬೀದರ್ ಕಡೆ ಹುಲಸೂರು ಆಗ ತನ್ನದೇ ಹೆಸರಿನ ಪ್ರತ್ಯೇಕ ಕ್ಷೇತ್ರ.

2002ಕ್ಕೆ ಮೊದಲೇ ತೀರಿಕೊಂಡವರು ಇದರಲ್ಲಿ ಸಿಗುವುದಿಲ್ಲ. ಕೆಲವರ ಹೆಸರು ತವರಿನಲ್ಲೇ ಉಳಿದಿರುತ್ತದೆ. ಹಿತ್ತಲ ಕೋಣೆಗೆ ಬೇರೆ ನಂಬರ್ ಇದ್ದಿರಬಹುದು, ಹಿಂದಿನ ಮುಂದಿನ ಮನೆಗಳನ್ನೂ ನೋಡಿ. ವಯಸ್ಸನ್ನು ಮಾತ್ರ ನಂಬಬೇಡಿ, ಜಾಸ್ತಿ ಅಂದಾಜಿನ ಮೇಲೇ ಬರೆಸಿರುತ್ತಾರೆ.